ಸುಮ್ಮನೆ ನಿಲ್ಲುವುದು

"ಐವತ್ತೆಂಟು, ಐವತ್ತೊಂದು, ನಲವತ್ನಾಲ್ಕು..." ನರ್ಸ್ ಒಂಟಿ ಕಾಲಲ್ಲಿ ನಿಂತು ನೂರರಿಂದ ಏಳೇಳು ಕಳೆಯುತ್ತಿದ್ದಳು. ಇಪ್ಪತ್ತಮೂರರ ಪ್ರಾಯ, ಮೈಯಲ್ಲಿ ಎರಡು ಪಾಳಿಯ ದಣಿವು; ಆದರೂ ಕಂಬ ನೆಟ್ಟಂತೆ ನಿಂತಿದ್ದಳು. ತಲೆಗೆ ಕೆಲಸ ಕೊಟ್ಟರೆ ಹರೆಯದವರ ಮೈ ಎಷ್ಟು ವಾಲುತ್ತದೆಂದು ಯಂತ್ರದಲ್ಲಿ ಅಳೆಯುತ್ತಿದ್ದ ಹಿರಿಯ ಸಂಶೋಧಕಿ ಅದನ್ನು ಬರೆದುಕೊಂಡರು.

"ಸಾಕು ಕಣಮ್ಮ. ಈಗ ಲೆಕ್ಕ ಬೇಡ, ಏನೂ ಯೋಚ್ನೆ ಮಾಡ್ದೆ ಸುಮ್ನೆ ನಿಂತ್ಕೋ. ಇದು ಸುಲಭ."

ಲೆಕ್ಕ ನಿಂತದ್ದೇ ತಡ, ಬೆಳಗಿನ ವಾರ್ಡು ಕಣ್ಣಮುಂದೆ ಬಂತು. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ ಅವಳ ಕೈ ಹಿಡಿದು, "ಯಾಕೋ ಭಯ ಆಗ್ತಿದೆ ಮಗಾ" ಅಂದಿದ್ದರು. "ಈಗ ಬಂದೆ ಅಜ್ಜಿ" ಎಂದು ಬೆರಳು ಬಿಡಿಸಿಕೊಂಡು ಬೇರೆ ರೋಗಿಯ ಬಳಿ ಹೋದವಳು ವಾಪಸಾದಾಗ ಅಜ್ಜಿಯ ಉಸಿರು ನಿಂತಿತ್ತು.

ಅವಳು ಒಂದು ಬದಿಗೆ ವಾಲಿದಳು. ಸಂಶೋಧಕಿ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದಳು.

"ಲೆಕ್ಕ ಮಾಡುವಾಗ ಚೆನ್ನಾಗೇ ನಿಂತಿದ್ಯಲ್ಲ, ಏನಾಯ್ತು?"

"ಇನ್ನೊಂದು ಲೆಕ್ಕ ಕೊಡಿ ಮೇಡಂ. ಸಾಯಂಕಾಲ ಮತ್ತೆ ಡ್ಯೂಟಿ ಇದೆ."

ಸಂಶೋಧಕಿ ಯಂತ್ರ ಆರಿಸಿ, ಕುರ್ಚಿ ಎಳೆದು ಅವಳನ್ನು ಕೂರಿಸಿದರು. "ಲೆಕ್ಕ ಹಾಗಿರ್ಲಿ. ಏನು ನೆನಪಾಯ್ತು, ಹೇಳು."

ಹೇಳಲು ಬಾಯಿ ತೆರೆದಳು. ಮಾತಿಗೆ ಮೊದಲೇ ಅಳು ಬಂತು.