ಕೇಳಿಸ್ತಾ ಇದೆಯಾ?

"ಸುಮ್ನಿರೇ, ಕ್ಲಾಸಿಗೆ ಹೋಗಿ ಕಲ್ತಿದೀನಿ," ಎಂದು ನಾಣಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡರು. ಹಾಸನದಿಂದ ವಿಡಿಯೋ ಕಾಲ್ ಬರುವ ಹೊತ್ತಾಗಿತ್ತು. ಮಗಳು ತನ್ಮಯಿಯನ್ನು ನೋಡಲು ಹುಡುಗನ ಮನೆಯವರು ಕಾದಿದ್ದರು. ನೋಡಿಸಿಕೊಳ್ಳಬೇಕಾದವಳೇ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. 'ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿದೆ, ನಾನು ಇಂದಿರಾನಗರಕ್ಕೆ ಬರೋವರೆಗೂ ಏನೂ ಮುಟ್ಟಬೇಡಿ' ಎಂದು ಮೆಸೇಜ್ ಹಾಕಿದ್ದಳು.

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಾಣಿ ಹಿರಿಯ ನಾಗರಿಕರ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದರು. ಈಗ ಹೆಂಡತಿಗೆ ಒಂದೊಂದನ್ನೇ ಬೆರಳು ಮಾಡಿ ತೋರಿಸಿದರು. "ಇದು ಮಾನಿಟರು, ಇದರಲ್ಲಿ ಅವರು ಕಾಣ್ತಾರೆ. ಮೇಲೆ ಕೂತಿರೋದು ವೆಬ್‌ಕ್ಯಾಮು, ಇದರಿಂದ ನಾವು ಅವರಿಗೆ ಕಾಣ್ತೀವಿ. ಆ ಡಬ್ಬ ಸಿಪಿಯು, ಎಲ್ಲಕ್ಕೂ ಅದೇ ತಲೆ. ಇದು ಸ್ಪೀಕರು, ಸೌಂಡಿಗೆ."

"ನಾವು ಮಾತಾಡೋದು ಯಾವುದ್ರಲ್ಲಿ?" ಸೀತಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾ ಕೇಳಿದರು.

"ಸೌಂಡು ಅಂದ್ನಲ್ಲ, ಎಲ್ಲಾ ಅದರಲ್ಲೇ." ಮೈಕಿನ ಪಾಠವಾದ ದಿನ ನಾಣಿ ಅಕ್ಕನ ಮಗನ ಗೃಹಪ್ರವೇಶಕ್ಕೆ ಹೋಗಿದ್ದರು.

ಕಾಲ್ ಬಂತು. ಪರದೆಯ ಮೇಲೆ ಮೂರು ಮುಖಗಳು ಮೂಡಿದವು: ಹುಡುಗ ಅಭಿನವ್, ಆಚೀಚೆ ಅವನ ತಂದೆತಾಯಿ. ಮೂವರ ತುಟಿಗಳೂ ಅಲ್ಲಾಡಿದವು. ಒಂದು ಶಬ್ದವೂ ಕೇಳಲಿಲ್ಲ. ನಾಣಿ ಸ್ಪೀಕರನ್ನು ತಟ್ಟಿದರು, ತಿರುಗಿಸಿದರು, ಕಿವಿಗೆ ಹಿಡಿದು ನೋಡಿದರು. ಕೊನೆಗೆ ತೀರ್ಪು ಕೊಟ್ಟರು. "ಸ್ಪೀಕರ್ ಕೆಟ್ಟಿದೆ. ಅವರ ಮಾತು ನಮಗಿಲ್ಲ, ನಮ್ಮ ಮಾತು ಅವರಿಗಿಲ್ಲ. ತನ್ಮಯಿ ಬರೋವರೆಗೂ ನಗ್ತಾ ಕೂತಿರು."

ಸೀತಮ್ಮ ಕೈ ಮುಗಿದು ನಗುಮುಖ ಮಾಡಿಕೊಂಡು, ಅದೇ ನಗುವಿನಲ್ಲಿ ಹೇಳಿದರು, "ರೀ, ಹುಡುಗನ ಕಿವಿ ನೋಡಿ. ಮೊರದ ಹಾಗಿದೆ."

ಅಭಿನವ್ ಗಾಬರಿಯಿಂದ ತನ್ನ ಕಿವಿ ಮುಟ್ಟಿಕೊಂಡು, ಮತ್ತೆ ಮತ್ತೆ ಅದನ್ನೇ ತೋರಿಸಿದ.

"ಪಾಪ, ಅವನಿಗೂ ಕೇಳ್ತಿಲ್ವಂತೆ," ಎಂದರು ನಾಣಿ.

ಹುಡುಗನ ತಾಯಿ ಎರಡೂ ಕೈ ಬೀಸಿದರು. ಸೀತಮ್ಮನೂ ಬೀಸಿದರು. "ಆಯಮ್ಮ ಪರವಾಗಿಲ್ಲ, ಮುಖ ಮಾತ್ರ ಹುಳಿ ಮೊಸರು. ಅಲ್ಲ ಕಣ್ರೀ, ಮಗಳೇ ಮಾಡಿದ್ದು ಅಂತ ಕೋಡುಬಳೆ ಕಳಿಸಿದ್ವಲ್ಲ, ಅದು ಹಲಸೂರಿನ ಕಾಂಡಿಮೆಂಟ್ಸ್ ಅಂಗಡೀದು ಅಂತ ಗೊತ್ತಾದ್ರೆ?"

"ಹೇಗೆ ಗೊತ್ತಾಗುತ್ತೆ? ನೀನು ಬಾಯಿ ಬಿಟ್ರೆ ತಾನೆ!"

ಆ ಕಡೆ ಹುಡುಗನ ತಂದೆ ಬಾಯಿಗೆ ಟವೆಲ್ ಒತ್ತಿಕೊಂಡು ಬಗ್ಗಿದರು. ಒಳಗೆ ರೂಮಿನಲ್ಲಿ ಚಾರ್ಜಿಗಿಟ್ಟಿದ್ದ ನಾಣಿಯ ಮೊಬೈಲು ಒಂದೇ ಸಮನೆ ಬಡಿದುಕೊಂಡಿತು. "ಬಡ್ಕೊಳ್ಳಲಿ ಬಿಡಿ, ಬೀಗರಾಗೋರ ಮುಂದಿನಿಂದ ಎದ್ದು ಹೋಗಬಾರ್ದು," ಎಂದರು ಸೀತಮ್ಮ.

ಸ್ವಲ್ಪ ಹೊತ್ತು ನಗುತ್ತಾ ಕೂತರು. ಆಮೇಲೆ ನಾಣಿಯ ದನಿ ಇಳಿಯಿತು. "ಒಪ್ಪಿದ್ರೂ ಕಷ್ಟವೇ ಕಣೇ. ನಂಗೆ ಆಪರೇಷನ್ ಆದಾಗ ತನ್ಮಯಿ ಆಸ್ಪತ್ರೆ ಬೆಂಚಿನ ಮೇಲೇ ಮಲಗ್ತಿದ್ಲು. ಬೈತಾನೇ ಮಾತ್ರೆ ಕೊಡ್ತಿದ್ಲು. ಆ ಬೈಗುಳ ಇಲ್ದೆ ನಂಗೆ ಮಾತ್ರೆ ಇಳಿಯುತ್ತೋ ಇಲ್ವೋ."

ಆ ಕಡೆ ಕೈಬೀಸುವುದು ನಿಂತಿತು. ಹುಡುಗನ ತಂದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನೋಡು, ಏನೂ ಕೇಳ್ತಿಲ್ಲ ಅಂತ ಅವರಿಗೂ ಬೇಜಾರಾಗಿದೆ," ಎಂದರು ನಾಣಿ.

ಅಷ್ಟರಲ್ಲಿ ತನ್ಮಯಿ ಬಾಗಿಲಲ್ಲೇ ಚಪ್ಪಲಿ ಒದ್ದು ಓಡಿ ಬಂದಳು. ವಿಷಯ ಕೇಳಿ, ಮೇಜಿನ ಕೆಳಗೆ ಬಗ್ಗಿ, ಕಸ ಗುಡಿಸುವಾಗ ಕಿತ್ತು ಬಂದಿದ್ದ ಸ್ಪೀಕರಿನ ಪಿನ್ನು ಹಿಡಿದುಕೊಂಡು ಎದ್ದಳು. ಅವಳ ಮುಖ ಬಿಳಿಚಿತ್ತು.

"ಅಪ್ಪಾ, ಸ್ಪೀಕರ್ ಇಲ್ಲದಿದ್ರೆ ಅವರ ಮಾತು ನಮಗೆ ಕೇಳಲ್ಲ, ಅಷ್ಟೇ. ನಮ್ಮ ಮಾತು ಹೋಗೋದು ಮೈಕಿಂದ. ಅದು ವೆಬ್‌ಕ್ಯಾಮ್ ಒಳಗೇ ಇದೆ. ಆನ್ ಆಗಿದೆ."

"ಅಂದ್ರೆ?"

"ಅಂದ್ರೆ ಎಲ್ಲಾ ಕೇಳಿಸಿದೆ."

ಸೀತಮ್ಮ ಸೆರಗಿನಿಂದ ಪೂರ್ತಿ ಮುಖ ಮುಚ್ಚಿಕೊಂಡರು. ತನ್ಮಯಿ ಪಿನ್ನು ಚುಚ್ಚಿದಳು. ಹಾಸನದ ಮನೆಯ ಫ್ಯಾನಿನ ಸದ್ದು, ಎಲ್ಲೋ ಒಂದು ಕುಕ್ಕರಿನ ಶಿಳ್ಳೆ, ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು.

"ಈಗ ಕೇಳಿಸ್ತಾ ಇದೆಯಾ?" ಎಂದರು ಹುಡುಗನ ತಾಯಿ. "ಕೂಗಿ ಕೂಗಿ ಗಂಟಲು ಕಟ್ಟೋಯ್ತು. ಫೋನೂ ಮಾಡಿದ್ವಿ."

ನಾಣಿ ಬಾಯಿ ತೆರೆಯದೆ ತಲೆಯಾಡಿಸಿದರು. ಈಗ ಎಲ್ಲ ಸಾಮಾನುಗಳೂ ಸರಿಯಾಗಿ ಕೆಲಸ ಮಾಡುತ್ತಿದ್ದವು. ಮಾತು ಮಾತ್ರ ಎರಡು ಊರಿನಲ್ಲೂ ಯಾರ ಬಾಯಿಂದಲೂ ಹೊರಡಲಿಲ್ಲ.

ಕೊನೆಗೆ ತನ್ಮಯಿಯೇ ಕುರ್ಚಿಯಲ್ಲಿ ಕೂತು ಪರದೆಯನ್ನು ನೇರ ನೋಡಿದಳು. "ತಪ್ಪು ತಿಳ್ಕೋಬೇಡಿ ಆಂಟಿ. ಅಮ್ಮ ಏನು ಹೇಳಿದಾರೋ ನಂಗೊತ್ತಿಲ್ಲ. ಇನ್ನೂ ಏನಾದ್ರೂ ಮುಚ್ಚಿಟ್ಟಿದ್ರೆ ನಾನೇ ಹೇಳ್ಬಿಡ್ತೀನಿ. ಸಂಗೀತ ಬರುತ್ತೆ ಅಂತ ಇವರು ಹೇಳಿದ್ರಲ್ಲ, ನಂಗೆ ಹಾಡೋಕೆ ಬರಲ್ಲ."

ಆ ಕಡೆಯ ಹುಳಿ ಮೊಸರಿನ ಮುಖದಲ್ಲಿ ಏನೋ ಸಡಿಲವಾಯಿತು. ಹುಡುಗನ ತಾಯಿ ಪರದೆಯ ಹತ್ತಿರಕ್ಕೆ ಜರುಗಿದರು. "ಹಾಗಾದ್ರೆ ನಮ್ಮ ಕಡೇದೂ ಕೇಳಿಸ್ಕೊಂಡುಬಿಡಮ್ಮ. ಇವನು ದಿನಾ ಯೋಗ ಮಾಡ್ತಾನೆ ಅಂತ ಹೇಳಿದ್ವಿ. ಮಾಡೋದು ಶವಾಸನ ಒಂದೇ, ಅದೂ ಹೊದ್ದುಕೊಂಡು. ಊರಿನ ದನಕ್ಕೆಲ್ಲ ಇಂಜೆಕ್ಷನ್ ಚುಚ್ಚೋ ಡಾಕ್ಟರು, ತನಗೆ ಸೂಜಿ ಅಂದ್ರೆ..."

"ಅಮ್ಮಾ, ಸಾಕು!" ಅಭಿನವ್ ಕಾಲ್ ಕತ್ತರಿಸಲು ಮೌಸಿಗೆ ಕೈ ಹಾಕಿದ. ಅವನ ತಂದೆ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ತನ್ಮಯಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಮೆಲ್ಲಗೆ ಸ್ಪೀಕರಿನ ಸೌಂಡು ಜಾಸ್ತಿ ಮಾಡಿದಳು.