ಬೋಣಿಗೆ ಹೋದ ಅಡಾಪ್ಟರ್

ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಆ ಮೊಬೈಲ್ ಅಂಗಡಿಯವನ ನೇಮ. ಅಂದು ಮೊದಲು ಬಂದವರು ಅವನ ಎದುರುಮನೆಯ ಟೀಚರ್. ಹೊಸ ಫೋನಿಗೆ ಹಳೆಯ ವೈರು ಕೂರುತ್ತಿಲ್ಲ, ನಡುವೆ ಸಿಕ್ಕಿಸುವ ಪುಟ್ಟ ಅಡಾಪ್ಟರ್ ಬೇಕೆಂದರು. ಅಂಗಡಿಯಲ್ಲಿ ಇದ್ದದ್ದು ಒಂದೇ. ಚಾರ್ಜಿಗೆ ಹಾಕಿದರೆ ಕೈ ಸುಡುತ್ತದೆಂದು ಯಾರೋ ವಾಪಸ್ ತಂದುಕೊಟ್ಟದ್ದು.

"ಏನೂ ತೊಂದ್ರೆ ಆಗಲ್ಲ ತಾನೇ?"

"ಏನೂ ಆಗಲ್ಲ ಟೀಚರ್, ಧೈರ್ಯವಾಗಿ ಹಾಕಿ."

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಎದುರುಮನೆಯ ಕಿಟಕಿಯತ್ತ ನೋಡಲೂ ಅಳುಕು. "ನನ್ನ ಹೊಸ ಫೋನಿಗೆ ವೈರ್ ತಂದ್ರಾ?" ಎಂದು ಮಗುವನ್ನು ಎತ್ತಿಕೊಂಡು ಹೆಂಡತಿ ದಿನಾ ಕೇಳುತ್ತಿದ್ದಳು. ಅವನು ಅದೇ ಗುಂಗಿನಲ್ಲಿ "ನಾಳೆ ತರ್ತೀನಿ" ಎಂದುಬಿಡುತ್ತಿದ್ದ.

ನಾಲ್ಕನೆಯ ದಿನ ಟೀಚರ್ ಅಂಗಡಿಯ ಮುಂದೆ ಹಾದುಹೋಗುವುದನ್ನು ಕಂಡು ತಡೆಯಲಾಗಲಿಲ್ಲ. ಒಳ್ಳೆಯ ಕಂಪನಿಯ ಹೊಸ ವೈರು ಹಿಡಿದು ಹೊರಗೆ ಓಡಿದ.

"ಟೀಚರ್, ತಪ್ಪಾಯ್ತು. ಅವತ್ತು ಕೊಟ್ಟಿದ್ದು ಸರಿ ಇಲ್ಲ, ಕಾದು ಬೆಂಕಿ ಹೊತ್ಕೊಂಡ್ರೂ ಹೊತ್ಕೊಳ್ಳುತ್ತೆ. ಗೊತ್ತಿದ್ದೂ ಕೊಟ್ಟೆ. ಇದನ್ನ ಇಟ್ಕೊಳ್ಳಿ, ದುಡ್ಡು ಬೇಡ. ಅದನ್ನ ವಾಪಸ್ ಕೊಟ್ಬಿಡಿ."

ಟೀಚರ್ ವೈರನ್ನು ಮುಟ್ಟಲಿಲ್ಲ.

"ಅದು ನನ್ನ ಹತ್ರ ಇಲ್ವಲ್ಲ. ನೀವು ವೈರ್ ತರೋದೇ ಇಲ್ಲ ಅಂತ ನಿಮ್ಮ ಮನೆಯವರು ಈಗಷ್ಟೇ ಇಸ್ಕೊಂಡು ಹೋದ್ರು. ಚಾರ್ಜಿಗೆ ಹಾಕಿ, ಫೋನನ್ನ ಮಗು ಕೈಗೆ ಕೊಟ್ಟು, ನಲ್ಲಿ ಹತ್ರ ನೀರಿಗೆ ನಿಂತಿದ್ದಾರೆ."