ರಾಣಿಯ ಮೈಮೇಲಿನ ನೇರಳೆ ರೇಷ್ಮೆ

ಪರದೆ ಏಳುವುದಕ್ಕೆ ಐದೇ ನಿಮಿಷವಿತ್ತು. ಶ್ರೀವಿದ್ಯಾಳ ಪಕ್ಕದಲ್ಲಿ ಅತ್ತೆ ಇಂದಿರಮ್ಮ ಕೂತಿದ್ದರು. ಪರದೆಯ ಹಿಂದೆ ಅವರು ಕೊಟ್ಟ ಸೀರೆಯಿತ್ತು, ಹದಿನಾಲ್ಕು ತುಂಡಾಗಿ.

ಆಕ್ಲೆಂಡಿನ ಈ ಒಪೆರಾಕ್ಕೆ ಉಡುಪುಗಳನ್ನು ವಿನ್ಯಾಸ ಮಾಡಿದವಳು ಅವಳೇ. ಇನ್ನೂರೈವತ್ತು ವರ್ಷ ಹಿಂದಿನ ರಾಣಿಗೊಂದು ಗೌನು ಬೇಕಿತ್ತು. ಹೊಸ ಜರಿ ಹಚ್ಚಿ ನೋಡಿದರೆ, ರಂಗದ ದೀಪದಡಿ ಪ್ಲಾಸ್ಟಿಕ್ಕಿನ ಹಾಗೆ ಮಿರುಗಿತು. ಹಳೆಯ ಜರಿಯ ಹೊಳಪೇ ಬೇರೆ. ಅಂಥದ್ದು ಅವಳ ಬಳಿ ಇದ್ದದ್ದು ಒಂದೇ ಕಡೆ, ಮದುವೆಯಾದಾಗ ಅತ್ತೆ ಕೊಟ್ಟ ನೇರಳೆ ಸೀರೆಯಲ್ಲಿ. ತಾವು ಒಮ್ಮೆಯೂ ಉಡದೆ ಇಟ್ಟುಕೊಂಡಿದ್ದ ಸೀರೆ. "ದೂರ ಹೋಗ್ತಿದ್ದೀಯಲ್ಲ, ಅಲ್ಲೇ ಉಟ್ಕೋ" ಎಂದು ಕೊಟ್ಟಿದ್ದರು.

ಕೇಳಿದರೆ ಬೇಡ ಎಂದುಬಿಟ್ಟಾರೆಂದು ಅವಳು ಕೇಳಲೇ ಇಲ್ಲ. ಕತ್ತರಿ ಆಡಿಸಿಬಿಟ್ಟಳು.

ಅತ್ತೆ ಮೈಸೂರಿನಿಂದ ಆಕ್ಲೆಂಡಿನ ಮೌಂಟ್ ರಾಸ್ಕಿಲ್ ಬಡಾವಣೆಯ ಅವಳ ಮನೆಗೆ ಬಂದು ಹತ್ತು ದಿನವಾಗಿತ್ತು. ಬಂದ ದಿನವೇ ವಿಚಾರಿಸಿದ್ದರು.

"ಆ ನೇರಳೆ ಸೀರೆ ಎಲ್ಲಿಟ್ಟಿದ್ದೀಯೇ?"

"ಜೋಪಾನವಾಗಿದೆ ಅತ್ತೆ."

"ನಮ್ಮೋರ ಮುಂದೆ ಯಾವಾಗಾದ್ರೂ ಉಟ್ಟಿದ್ದೀಯಾ?"

"ಇಲ್ಲ."

ಅತ್ತೆ ಮುಖ ತಿರುಗಿಸಿಕೊಂಡರು. ಸೊಸೆ ಉಡಲಿಲ್ಲವೆಂಬ ಬೇಸರವಿರಬೇಕು. ಶ್ರೀವಿದ್ಯಾ ನಾಚಿಕೆಯಿಂದ ಕುಗ್ಗಿಹೋದಳು.

ಆಟಕ್ಕೆ ಬರುವುದನ್ನಾದರೂ ತಪ್ಪಿಸೋಣವೆಂದು ನೋಡಿದಳು. "ಎಲ್ಲ ಇಟಾಲಿಯನ್ನು ಅತ್ತೆ, ನಿಮಗೆ ಬೋರಾಗುತ್ತೆ."

"ಹಾಡು ಯಾರಿಗೆ ಬೇಕು? ನೀನು ಹೊಲಿಸಿದ ಬಟ್ಟೆ ನೋಡೋಕೆ ಬರ್ತೀನಿ."

ಅಲ್ಲಿಗೆ ಮಾತು ಮುಗಿಯಿತು.

ಪರದೆ ಎದ್ದಿತು. ರಾಣಿ ಬಂದಳು. ನೇರಳೆ ರೇಷ್ಮೆ ದೀಪಕ್ಕೆ ಮೆಲ್ಲಗೆ ಹೊಳೆಯಿತು, ಸಭೆಯಲ್ಲಿ ಒಂದು ಉದ್ಗಾರ ಹಾದುಹೋಯಿತು. ಶ್ರೀವಿದ್ಯಾ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದ್ದರು. ಅವರ ಕೈ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಅದು... ಆ ಸೀರೇನಾ?"

"ತಪ್ಪಾಯ್ತು ಅತ್ತೆ. ನಾನೇ ಕತ್ತರಿಸಿದೆ. ಸುಳ್ಳೂ ಹೇಳಿದೆ."

"ಪೂರ್ತಿ ಕತ್ತರಿಸಿದೆಯಾ?"

"ಪೂರ್ತಿ. ಒಂದು ಗೇಣೂ ಉಳಿದಿಲ್ಲ."

ಇಂದಿರಮ್ಮನವರ ಕಣ್ಣಿಂದ ನೀರು ಇಳಿಯಿತು. ತಾನೆಂಥ ಪಾಪಿ ಎಂದುಕೊಂಡು ಶ್ರೀವಿದ್ಯಾ ತಲೆ ತಗ್ಗಿಸಿದಳು. ಬೈಗುಳಕ್ಕೆ ಕಾದಳು.

"ಒಳ್ಳೇದೇ ಮಾಡಿದೆ ಕಣೇ," ಅತ್ತೆ ಕಿವಿಯಲ್ಲಿ ಪಿಸುಗುಟ್ಟಿದರು. "ನನ್ನ ವಾರಗಿತ್ತಿ ಪೆಟ್ಟಿಗೆಯಿಂದ ಅದನ್ನ ಕದ್ದೋಳು ನಾನು, ಕಳ್ಳಿ ಅನ್ನಿಸಿಕೊಂಡು ಮನೆ ಬಿಟ್ಟೋಳು ಕೆಲಸದ ನಿಂಗಮ್ಮ."